ಮೈಸೂರಿನಿಂದ ಲಾವೋಸ್‌ಗೆ: ಹೊರಡುವ ಮುನ್ನ, ಹೋದ ಮೇಲೆ

ಥಾಯ್ಲೆಂಡ್ ನೋಡಿ ಬಂದವರು ಮೈಸೂರು, ಮಂಡ್ಯದಲ್ಲಿ ಈಗ ಬೀದಿಗೊಬ್ಬರು ಸಿಗುತ್ತಾರೆ. ಪಕ್ಕದ ಲಾವೋಸ್‌ಗೆ ಹೋದವರು ಅಪರೂಪ. ಅಲ್ಲಿ ನಮ್ಮವರಿಗೆ ತಲೆನೋವು ತರುವುದು ಮುಖ್ಯವಾಗಿ ಹೆಸರು, ನೋಟು, ಊಟ. ಮೂರಕ್ಕೂ ಮನೆಯಲ್ಲೇ ತಯಾರಾಗಬಹುದು.

ನಮ್ಮ ಕಡೆಯ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು, ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ ಸೇರಿಸಿರುವುದು ಮಾಮೂಲು. ವೀಸಾ, ವಿಮಾನ, ರೈಲು ಎಲ್ಲದರಲ್ಲೂ ಹೆಸರು ಒಂದೇ ಥರ ಇರಲಿ. ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲುಗಳಿವೆಯಲ್ಲ, ಯಂತ್ರ ಓದುವುದು ಅದನ್ನೇ, ಅದರಂತೆ ತುಂಬಿ. ಸರ್‌ನೇಮ್ ಇಲ್ಲದವರು ಟಿಕೆಟ್ ಕೊಳ್ಳುವ ಮುಂಚೆ ವಿಮಾನ ಕಂಪನಿಯನ್ನು ಕೇಳಿಬಿಡಿ, ಒಂದೊಂದರದು ಒಂದೊಂದು ಪದ್ಧತಿ. ಪಾಸ್‌ಪೋರ್ಟ್ ಅವಧಿ ಇನ್ನೂ 6 ತಿಂಗಳಾದರೂ ಇರಬೇಕು.

ಇ-ವೀಸಾ 30 ದಿನದ್ದು, ಒಂದು ಸಲದ ಪ್ರವೇಶಕ್ಕೆ ಮಾತ್ರ. ಎಲ್ಲ ಗಡಿ ಠಾಣೆಗಳಲ್ಲೂ ಅದು ನಡೆಯುವುದಿಲ್ಲ. ರಾಜಧಾನಿ ವಿಯೆಂಟಿಯಾನ್ ಮತ್ತು ಉತ್ತರದ ಲುವಾಂಗ್ ಪ್ರಬಾಂಗ್ ವಿಮಾನ ನಿಲ್ದಾಣಗಳಲ್ಲಿ, ಥಾಯ್ ಗಡಿಯ ಮೊದಲ ಸ್ನೇಹ ಸೇತುವೆಯಲ್ಲಿ ನಡೆಯುತ್ತದೆ. ಬೇರೆ ದಾರಿಯಾದರೆ ಅಧಿಕೃತ ಪಟ್ಟಿ ನೋಡಿಕೊಂಡೇ ಹೊರಡಿ. ಮೊಬೈಲಲ್ಲಿದೆ ಎಂದು ಸುಮ್ಮನಿರದೆ ಪ್ರಿಂಟ್ ತೆಗೆದಿಡಿ.

ಬೆಂಗಳೂರಿನಿಂದ ಬ್ಯಾಂಕಾಕ್ ಮೂಲಕ ಹೋಗುವುದು ಸಲೀಸು. ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ವಿಮಾನ ನಿಲ್ದಾಣಕ್ಕಿದೆ; ಕೆಂಗೇರಿ ದಾಟಿದ ಮೇಲಿನ ಟ್ರಾಫಿಕ್ ಲೆಕ್ಕ ಹಾಕಿ ವಿಮಾನ ಹೊರಡುವುದಕ್ಕೆ 8 ತಾಸು ಮುಂಚೆ ಊರು ಬಿಡಿ. ಬ್ಯಾಂಕಾಕ್‌ನಲ್ಲಿ ಹೊರಗೆ ಬರುವುದಾದರೆ ಥಾಯ್ ಡಿಜಿಟಲ್ ಅರೈವಲ್ ಕಾರ್ಡನ್ನು ತಲುಪುವ ಹಿಂದಿನ 3 ದಿನದೊಳಗೆ ಆನ್‌ಲೈನಲ್ಲಿ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಖರ್ಚು ಉಳಿಸುವವರು ರಾತ್ರಿ ರೈಲಿನಲ್ಲಿ ಥಾಯ್ ಗಡಿಯ ಊರು ನೊಂಗ್‌ಖಾಯ್ ತಲುಪಿ, ಅದೇ ಸ್ನೇಹ ಸೇತುವೆಯ ಬಸ್ಸಿನಲ್ಲಿ ಮೆಕಾಂಗ್ ನದಿ ದಾಟಬಹುದು.

ಅಲ್ಲಿಯ ಹಣ ಕಿಪ್. ರೂಪಾಯಿ ನಂಬಿಕೊಂಡು ಹೋಗಬೇಡಿ, ಡಾಲರ್ ಒಯ್ಯಿರಿ. ಮಡಿಕೆ, ಪೆನ್ನಿನ ಗೀಟು, ಹರಿದ ತುದಿ ಕಂಡರೆ ನೋಟು ವಾಪಸ್ ಕೊಡುತ್ತಾರೆ. ಇಲ್ಲಿ ಕೊಳ್ಳುವಾಗಲೇ ಒಂದೊಂದಾಗಿ ನೋಡಿ ತೆಗೆದುಕೊಳ್ಳಿ. 10,000 ಮತ್ತು 1,00,000ದ ನೋಟುಗಳ ಸೊನ್ನೆ ಎಣಿಸಿಯೇ ಕೊಡಿ. ದೇಶದಾಚೆ ಕಿಪ್ ಯಾರಿಗೂ ಬೇಡ, ಆದ್ದರಿಂದ ಕೊನೆಕೊನೆಗೆ ಸ್ವಲ್ಪ ಸ್ವಲ್ಪವೇ ಬದಲಿಸಿ.

2021ರ ಡಿಸೆಂಬರ್‌ನಲ್ಲಿ ಶುರುವಾದ ಲಾವೋಸ್-ಚೀನಾ ರೈಲು ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಸುಮಾರು 2 ಗಂಟೆಯಲ್ಲಿ ಮುಟ್ಟಿಸುತ್ತದೆ. ಟಿಕೆಟ್ ಬೇಗ ಖಾಲಿಯಾಗುತ್ತದೆ. ನಿಲ್ದಾಣಗಳು ಊರಾಚೆ ಇವೆ, ಗಂಟೆ ಮುಂಚೆ ಇರಿ. ತಪಾಸಣೆಯಲ್ಲಿ ಚಾಕು, ಸ್ಪ್ರೇ ಡಬ್ಬಿ ಕಿತ್ತಿಟ್ಟುಕೊಳ್ಳುತ್ತಾರೆ. ಸೊಳ್ಳೆಗೆ ಕ್ರೀಮನ್ನೇ ಒಯ್ಯಿರಿ.

ಎಲ್ಲರೂ ಉತ್ತರಕ್ಕೇ ನುಗ್ಗುತ್ತಾರೆ. ನಮ್ಮವರು ದಕ್ಷಿಣದ ಪಾಕ್ಸೆ ಬಿಡಬಾರದು. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ವಾಟ್ ಫೂ ಕಾಂಬೋಡಿಯಾದ ಖ್ಮೇರರು ಕಟ್ಟಿದ ಶಿವ ದೇವಾಲಯ, 2001ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಬೆಟ್ಟದ ತುದಿಯ ಬಂಡೆಯೇ ಲಿಂಗದಂತಿರುವುದರಿಂದ ಅದಕ್ಕೆ ಲಿಂಗಪರ್ವತವೆಂದೇ ಹಳೆಯ ಹೆಸರು. ಗರ್ಭಗುಡಿಯ ಹಿಂದಿನ ಚಿಲುಮೆಯಿಂದ ಕಲ್ಲಿನ ಕಾಲುವೆಯಲ್ಲಿ ನೀರು ತಂದು ಲಿಂಗಕ್ಕೆ ಅಭಿಷೇಕವಾಗುತ್ತಿತ್ತು. ಈಗ ಒಳಗಿರುವುದು ಬುದ್ಧ. ಹಿಂದಿನ ಬಂಡೆಯ ಮೇಲಿನ ತ್ರಿಮೂರ್ತಿ ಕೆತ್ತನೆಯನ್ನು ಅನೇಕರು ನೋಡದೆ ಇಳಿದುಬಿಡುತ್ತಾರೆ. ಗುಡಿ ಪೂರ್ವಕ್ಕೆ ಮುಖಮಾಡಿದೆ, ಬಿಸಿಲೇರಿದರೆ ಮೆಟ್ಟಿಲು ಕಾಯುತ್ತವೆ. ಬಾಗಿಲು ತೆರೆದ ಕೂಡಲೇ ಹತ್ತಿ. ಮೆಟ್ಟಿಲು ಕಡಿದು, ಕಲ್ಲು ಏರುಪೇರು, ಚಪ್ಪಲಿ ಸಾಲದು.

ಸಸ್ಯಾಹಾರಿಗಳೇ, ತರಕಾರಿ ಎಂದು ಕೊಟ್ಟದ್ದರಲ್ಲೂ ಮೀನಿನ ಸಾಸ್ ಅಥವಾ ಹುಳಿಸಿದ ಮೀನಿನ ಪಡೇಕ್ ಇರುತ್ತದೆ. ಪಪಾಯ ಸಲಾಡ್‌ನಲ್ಲಂತೂ ಗ್ಯಾರಂಟಿ. "ಕಿನ್ ಜೇ" (ಸಸ್ಯಾಹಾರ ತಿನ್ನುತ್ತೇನೆ) ಎನ್ನಿ. ಜೊತೆಗೆ "ಬೊ ಸೈ ನಾಮ್ ಪಾ, ಬೊ ಸೈ ಪಡೇಕ್" (ಮೀನಿನ ಸಾಸ್ ಹಾಕಬೇಡಿ, ಪಡೇಕ್ ಹಾಕಬೇಡಿ) ಎಂದೂ ಸೇರಿಸಿ. ಅಂಟು ಅನ್ನವನ್ನು ಮುದ್ದೆಯಂತೆ ಕೈಯಲ್ಲಿ ಮುರಿದು ಅದ್ದಿ ತಿನ್ನಬೇಕು, ಆದರೆ ನುಂಗುವ ಹಾಗಿಲ್ಲ, ಅಗಿಯಬೇಕು. ಚಟ್ನಿಪುಡಿ ಇದ್ದರೆ ದಿನ ಕಳೆಯುತ್ತದೆ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರದವರು ಹೊಲ ಸುಡುತ್ತಾರೆ, ಹೊಗೆಯಲ್ಲಿ ಬೆಟ್ಟವೇ ಕಾಣದು. ಏಪ್ರಿಲ್ ನಡುವೆ ಅವರ ಹೊಸ ವರ್ಷ, ರೂಮು ಸಿಗುವುದು ಕಷ್ಟ.

ಸ್ಕೂಟರ್ ಹಿಡಿಯುವವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲೇ ಮಾಡಿಸಿಕೊಳ್ಳಿ. ಅದಿಲ್ಲದೆ ಬಿದ್ದರೆ ವಿಮೆ ಸಿಗುವುದು ಅನುಮಾನ, ದೊಡ್ಡ ಗಾಯಕ್ಕೆ ಥಾಯ್ಲೆಂಡ್‌ಗೇ ಒಯ್ಯಬೇಕಾಗುತ್ತದೆ. ಅಲ್ಲಿ ಓಡಿಸುವುದು ಬಲಬದಿಗೆ. ಬಾಡಿಗೆಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ, ನಗದು ಠೇವಣಿ ಕೊಡಿ. ಪುಕ್ಕಟೆ ಸಿಗುವ ಮದ್ಯ ಮುಟ್ಟಲೇಬೇಡಿ: 2024ರ ನವೆಂಬರ್‌ನಲ್ಲಿ ವಾಂಗ್ ವಿಯೆಂಗ್ ಊರಿನಲ್ಲಿ ಮದ್ಯದಲ್ಲಿ ಬೆರೆತಿದ್ದ ಮೆಥನಾಲ್ ವಿಷದಿಂದ 6 ವಿದೇಶಿ ಪ್ರವಾಸಿಗರು ಸತ್ತರು. ಕಲ್ಲಿನ ದೊಡ್ಡ ಜಾಡಿಗಳು ಹರಡಿರುವ ಜಾಡಿಗಳ ಬಯಲಿಗೆ (Plain of Jars) ಹೋದರೆ ನೆಲದ ಗುರುತುಕಲ್ಲುಗಳನ್ನು ನೋಡಿ ನಡೆಯಿರಿ. ಬಿಳಿ ಬದಿ ಯುದ್ಧಕಾಲದ ಸಿಡಿಯದ ಬಾಂಬ್ ತೆಗೆದ ಜಾಗ. ಕೆಂಪು ಬದಿಗೆ ಫೋಟೋಗೆಂದೂ ಕಾಲಿಡಬೇಡಿ.