ಭಾರ ಬಿದ್ದರೆ ಕುಸಿಯುವ ಪಾದಕ್ಕೆ ಅಳತೆಯ ಇನ್‌ಸೋಲ್ ಮಾಡಿಸುವ ಬಗೆ

ಕುಳಿತಿರುವಾಗ ಅಂಗಾಲಿನ ಒಳಬದಿಯಲ್ಲಿ ಕಮಾನು ಸ್ಪಷ್ಟವಾಗಿ ಕಂಡು, ಎದ್ದು ನಿಂತೊಡನೆ ಅದು ನೆಲಕ್ಕೆ ಇಳಿದುಬಿಡುವ ಪಾದವನ್ನು ಮೂಳೆ ವೈದ್ಯರು ‘ಫ್ಲೆಕ್ಸಿಬಲ್ ಫ್ಲಾಟ್ ಫುಟ್’ ಎನ್ನುತ್ತಾರೆ. ಇಂಥ ಪಾದವಿರುವ ಅನೇಕರು ಜೀವಮಾನವಿಡೀ ಯಾವ ತೊಂದರೆಯೂ ಇಲ್ಲದೆ ನಡೆದಾಡುತ್ತಾರೆ. ಆದ್ದರಿಂದ ಇನ್‌ಸೋಲಿನ, ಅಂದರೆ ಪಾದಕ್ಕೆ ಆಧಾರವಾಗಿ ಪಾದರಕ್ಷೆಯೊಳಗೆ ಇಡುವ ಪದರದ, ಮಾತು ಬರುವುದು ನೋವು ಇದ್ದಾಗ ಮಾತ್ರ. ಪಾದ ಚಪ್ಪಟೆಯಾಗಿದೆ ಎಂಬುದೊಂದೇ ಕಾರಣಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ.

ಮೊದಲು ಪಾದ ನಿಜಕ್ಕೂ ಬಾಗುವ ಸ್ವಭಾವದ್ದೇ ಎಂದು ನೋಡಿಕೊಳ್ಳಬೇಕು. ಬರಿಗಾಲಿನಲ್ಲಿ ತುದಿಗಾಲ ಮೇಲೆ ನಿಂತು, ಹಿಂದಿನಿಂದ ಮನೆಯವರೊಬ್ಬರಿಗೆ ನೋಡಲು ಹೇಳಿ. ಕಮಾನು ಮತ್ತೆ ಮೂಡಿ ಹಿಮ್ಮಡಿ ಒಳಕ್ಕೆ ತಿರುಗಿದರೆ ಪಾದ ಬಾಗುವಂಥದ್ದು. ಹಾಗಾಗದೆ ಪಾದ ಬಿಗಿಯಾಗಿಯೇ ಉಳಿದರೆ ಕಾರಣ ಬೇರೆ ಇರಬಹುದು, ಆಗ ಎಕ್ಸ್‌-ರೇ ಬೇಕಾಗುತ್ತದೆ. ಒಂದೇ ಕಾಲಿನ ತುದಿಯ ಮೇಲೆ ಏಳಲು ಆಗದಿದ್ದರೆ, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ಊತವೂ ನೋವೂ ಇದ್ದರೆ, ಅಥವಾ ಮೊದಲು ಸರಿಯಿದ್ದ ಒಂದು ಪಾದ ಮಾತ್ರ ಇತ್ತೀಚೆಗೆ ಚಪ್ಪಟೆಯಾಗುತ್ತಾ ಬಂದಿದ್ದರೆ, ಕಮಾನನ್ನು ಎತ್ತಿಹಿಡಿಯುವ ಸ್ನಾಯುರಜ್ಜುವೇ ಸವೆಯುತ್ತಿರುವ ಸಾಧ್ಯತೆಯಿದೆ. ಅಂಥವರು ಇನ್‌ಸೋಲ್ ಮಾಡುವವರಿಗಿಂತ ಮೊದಲು ಮೂಳೆ ವೈದ್ಯರನ್ನು ಕಾಣಬೇಕು.

ಮಕ್ಕಳ ಪಾದ ನೋಡಿ ಗಾಬರಿಯಾಗುವ ತಂದೆತಾಯಿಗಳಿಗೆ ಒಂದು ಮಾತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು 2300 ಮಕ್ಕಳ ಪಾದದ ಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದರಕ್ಷೆ ಧರಿಸುತ್ತಿದ್ದ ಮಕ್ಕಳಲ್ಲಿ ಶೇಕಡಾ 8.6ರಷ್ಟು, ಬರಿಗಾಲಿನಲ್ಲಿ ಓಡಾಡುತ್ತಿದ್ದವರಲ್ಲಿ ಶೇಕಡಾ 2.8ರಷ್ಟು ಚಪ್ಪಟೆ ಪಾದ ಕಂಡುಬಂದಿತ್ತು. ನೋವಿಲ್ಲದ ಮಗುವಿಗೆ ಇನ್‌ಸೋಲಿಗಿಂತ ಅಂಗಳದಲ್ಲಿ ಬರಿಗಾಲ ಆಟವೇ ಮೇಲು ಎಂಬುದು ನನ್ನ ಅಭಿಪ್ರಾಯ.

ದೊಡ್ಡವರು ಕೂಡ ನೇರವಾಗಿ ಅಳತೆ ಕೊಟ್ಟು ಮಾಡಿಸುವ ಅವಸರ ಪಡಬಾರದು. ಹಿಮ್ಮಡಿ ನೋವಿನ ಕುರಿತು ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿದ್ಧ ಇನ್‌ಸೋಲಿಗೂ ಅಳತೆಯ ಇನ್‌ಸೋಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಟ್ಟಿಯಾದ ಸಿದ್ಧ ಇನ್‌ಸೋಲನ್ನು ಕೆಲವು ವಾರ ಬಳಸಿ ನೋಡಿ, ಸ್ವಲ್ಪ ಮಾತ್ರ ಗುಣ ಕಂಡರೆ, ಅಥವಾ ಪಾದದ ಆಕಾರಕ್ಕೆ ಅದು ಹೊಂದದೇ ಹೋದರೆ, ಆಗ ಅಳತೆಯದಕ್ಕೆ ಹೋಗುವುದು ಸೂಕ್ತ. ಮೀನಖಂಡದ ಸ್ನಾಯು ಬಿಗಿಯಾಗಿದೆಯೇ ಎಂಬುದನ್ನೂ ಫಿಸಿಯೋಥೆರಪಿಸ್ಟ್ ಬಳಿ ಪರೀಕ್ಷಿಸಿಕೊಳ್ಳಿ. ಅದು ಬಿಗಿಯಾಗಿದ್ದರೆ ಹೆಜ್ಜೆ ಮುಂದಿಡುವಾಗ ಪಾದದ ನಡುಭಾಗ ಕುಸಿದೇ ತೀರುತ್ತದೆ, ಕೆಳಗಿಟ್ಟ ಗಟ್ಟಿ ಕಮಾನು ಅಂಗಾಲನ್ನು ಒತ್ತಿ ನೋವನ್ನು ಹೆಚ್ಚಿಸುತ್ತದೆ. ಸ್ನಾಯುವನ್ನು ಹಿಗ್ಗಿಸುವ ವ್ಯಾಯಾಮವಿಲ್ಲದೆ ಅಂಥವರಿಗೆ ಎಷ್ಟು ಬೆಲೆಯ ಇನ್‌ಸೋಲ್ ಕೊಟ್ಟರೂ ಪ್ರಯೋಜನ ಕಡಿಮೆ.

ಹೆಚ್ಚಿನವರು ಕಮಾನು ಎಷ್ಟು ಎತ್ತರವಿರಬೇಕೆಂದು ಕೇಳುತ್ತಾರೆ. ಕೇಳಬೇಕಾದದ್ದು ಹಿಮ್ಮಡಿಯ ಬಗ್ಗೆ. ಬಾಗುವ ಪಾದದಲ್ಲಿ ಕಮಾನು ಇಳಿಯುವಾಗ ಹಿಮ್ಮಡಿಯೂ ಹೊರಕ್ಕೆ ವಾಲುತ್ತದೆ. ವಾಲಿದ ಕಂಬದ ಬುಡವನ್ನು ನೆಟ್ಟಗೆ ಮಾಡದೆ ನಡುವಿಗೆ ಆನಿಕೆ ಕೊಟ್ಟರೆ ಹೇಗೋ, ಹಿಮ್ಮಡಿಯನ್ನು ಹಿಡಿಯದೆ ಕಮಾನಿನ ಕೆಳಗೆ ಉಬ್ಬು ಇಟ್ಟರೂ ಹಾಗೆಯೇ. ಹಿಮ್ಮಡಿ ಕೂರುವ ಬಟ್ಟಲು ಆಳವಾಗಿರಬೇಕು, ಅಗತ್ಯವಿದ್ದರೆ ಅದರ ಒಳಬದಿ ತುಸು ಎತ್ತರವಿರಬೇಕು. ಮೆಮೊರಿ ಫೋಮಿನಂಥ ಮೆತ್ತನೆಯ ವಸ್ತು ಅಂಗಡಿಯಲ್ಲಿ ನಿಂತಾಗ ಹಿತವೆನಿಸಿದರೂ ಭಾರಕ್ಕೆ ಪಾದದ ಜೊತೆಯಲ್ಲೇ ತಗ್ಗುವುದರಿಂದ ಆಧಾರ ಕೊಡುವುದಿಲ್ಲ. ಇವಿಎ ಎಂಬ ಗಟ್ಟಿ ಫೋಮ್ ಮತ್ತು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಹಾಳೆ ಸಾಮಾನ್ಯವಾಗಿ ಬಳಕೆಯಲ್ಲಿರುವ ವಸ್ತುಗಳು. ಹಾಳೆಯ ದಪ್ಪವನ್ನು ದೇಹದ ತೂಕ ನೋಡಿ ನಿರ್ಧರಿಸಬೇಕು. ಕೀಲುಗಳೆಲ್ಲ ಸಡಿಲವಾಗಿರುವವರಿಗೆ, ಅಂದರೆ ಹೆಬ್ಬೆರಳನ್ನು ಮುಂಗೈಗೆ ತಾಗಿಸಬಲ್ಲ, ಮೊಣಕೈ ಹಿಂದಕ್ಕೆ ಬಾಗುವ ಮೈಕಟ್ಟಿನವರಿಗೆ, ಒಮ್ಮೆಲೇ ಪೂರ್ತಿ ತಿದ್ದುವ ಬಿರುಸಾದ ಇನ್‌ಸೋಲ್ ಸಹಿಸಲಾಗದಿರಬಹುದು. ಸ್ವಲ್ಪ ಬಳುಕುವ ತಳ, ಮೇಲೊಂದು ಮೆತ್ತನೆಯ ಪದರದಿಂದ ಆರಂಭಿಸುವುದು ಜಾಣತನ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಗಟ್ಟಿ ಪ್ಲಾಸ್ಟಿಕ್ಕನ್ನು ದೂರವಿಟ್ಟು, ಎಂಸಿಆರ್ (ಸಣ್ಣ ಗಾಳಿಗುಳ್ಳೆಗಳುಳ್ಳ ಮೈಕ್ರೋಸೆಲ್ಯುಲರ್) ರಬ್ಬರಿನಂಥ ಮೃದು ವಸ್ತುವನ್ನೇ ವೈದ್ಯರ ಸಲಹೆಯಂತೆ ಮಾಡಿಸಬೇಕು.

ಅಚ್ಚು ತೆಗೆಯುವ ರೀತಿಯಲ್ಲಿ ಅರ್ಧ ಕೆಲಸ ನಿರ್ಧಾರವಾಗುತ್ತದೆ. ಬಾಗುವ ಪಾದದವರನ್ನು ಯಂತ್ರದ ಮೇಲೆ ಸುಮ್ಮನೆ ನಿಲ್ಲಿಸಿ ಚಿತ್ರ ತೆಗೆದರೆ, ಕುಸಿದ ಪಾದದ ಆಕಾರವೇ ಅಚ್ಚಾಗುತ್ತದೆ. ಪಾದವನ್ನು ಕೈಯಿಂದ ಸರಿಯಾದ ಸ್ಥಿತಿಯಲ್ಲಿ ಹಿಡಿದು ಪ್ಲಾಸ್ಟರ್ ಸುತ್ತಬೇಕು, ಫೋಮ್ ಪೆಟ್ಟಿಗೆಯಲ್ಲಿ ಒತ್ತಿಸಬೇಕು, ಇಲ್ಲವೇ ಅದೇ ಸ್ಥಿತಿಯಲ್ಲಿ ಸ್ಕ್ಯಾನ್ ಮಾಡಬೇಕು. ಬಣ್ಣಬಣ್ಣದ ಒತ್ತಡದ ನಕ್ಷೆ ತೋರಿಸಿ, ಪಾದವನ್ನು ಕೈಯಲ್ಲಿ ಮುಟ್ಟದೆಯೇ ಬೆಲೆ ಹೇಳುವ ಕಡೆ ನಾನಂತೂ ಹಣ ಕೊಡಲಾರೆ. ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಪ್ರಾಸ್ಥೆಟಿಸ್ಟ್–ಆರ್ಥೋಟಿಸ್ಟ್ (ಕೃತಕ ಅಂಗ ಮತ್ತು ಅಂಗಕ್ಕೆ ಆಧಾರ ಕೊಡುವ ಸಾಧನ ಮಾಡುವ ತಜ್ಞರು) ಆಗಿರುವರೇ ಎಂದು ಕೇಳಲು ಸಂಕೋಚ ಬೇಡ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಲ್ಲಿ ಇದಕ್ಕೆಂದೇ ಶಿಕ್ಷಣ ದೊರೆಯುತ್ತದೆ. ಮುಂದಿನ ತಿದ್ದುಪಡಿಗಳು ಹೇಳಿದ ಬೆಲೆಯಲ್ಲೇ ಸೇರಿವೆಯೇ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ನಮ್ಮಲ್ಲಿ ಬಹಳ ಇನ್‌ಸೋಲುಗಳು ವ್ಯರ್ಥವಾಗುವುದು ಪಾದರಕ್ಷೆಯ ವಿಷಯದಲ್ಲಿ. ದಿನದ ಹೆಚ್ಚು ಹೊತ್ತು ಗ್ರಾನೈಟ್ ನೆಲದ ಅಡುಗೆಮನೆಯಲ್ಲಿ ಬರಿಗಾಲಿನಲ್ಲಿ ನಿಲ್ಲುವ ಗೃಹಿಣಿಗೆ ಶೂ ಒಳಗಿನ ಇನ್‌ಸೋಲಿನಿಂದ ಏನು ಲಾಭ? ಅಂಥವರು ಹಿಂಬದಿ ಪಟ್ಟಿಯುಳ್ಳ ಚಪ್ಪಲಿಯ ಅಟ್ಟೆಯ ಮೇಲೆಯೇ ಅದೇ ಆಕಾರವನ್ನು ಕೂರಿಸಿಕೊಡಲು ಕೇಳಿ, ಮನೆಯೊಳಗಿನ ಬಳಕೆಗೆಂದು ಅದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಶೂ ಧರಿಸುವವರು ಅಳತೆ ಕೊಡುವ ಮುನ್ನವೇ ಶೂ ಕೊಳ್ಳಬೇಕು: ಅದರ ಒಳಪದರ ತೆಗೆಯಲು ಬರಬೇಕು, ಹಿಮ್ಮಡಿಯ ಗೋಡೆ ಬೆರಳಿನಿಂದ ಒತ್ತಿದರೆ ಮಡಿಯಬಾರದು, ಅಟ್ಟೆ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಿ ಅಲ್ಲ.

ಕೈಗೆ ಬಂದ ಮೊದಲ ದಿನ ಒಂದು ಗಂಟೆ ಧರಿಸಿ, ದಿನಕ್ಕೊಂದು ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ. ಆರಂಭದಲ್ಲಿ ಮೀನಖಂಡದಲ್ಲಿ ಲಘು ಆಯಾಸ ಸಹಜ. ಗುಳ್ಳೆ ಎದ್ದರೆ, ಒಂದೇ ಜಾಗದಲ್ಲಿ ಕೆಂಪು ಗುರುತು ಮಾಯದೆ ಉಳಿದರೆ, ಅಥವಾ ಮಂಡಿಯಲ್ಲಿ ಹೊಸ ನೋವು ಶುರುವಾದರೆ ಸಹಿಸಿಕೊಳ್ಳದೆ ಮಾಡಿಕೊಟ್ಟವರ ಬಳಿ ಹೋಗಿ. ನಾಲ್ಕರಿಂದ ಆರು ವಾರಗಳ ಬಳಿಕ ತಪಾಸಣೆಗೆ ಹೋಗುವಾಗ ಇನ್‌ಸೋಲಿನ ಜೊತೆಗೆ ದಿನವೂ ಬಳಸುವ ಪಾದರಕ್ಷೆಗಳನ್ನೂ ಒಯ್ಯಿರಿ; ಮೇಲ್ಪದರದ ಸವೆತ ಮತ್ತು ಅಟ್ಟೆ ತೇದಿರುವ ಬದಿಯನ್ನು ನೋಡಿದರೆ, ಎಲ್ಲಿ ಕೆರೆಯಬೇಕು, ಎಲ್ಲಿ ಪದರ ಸೇರಿಸಬೇಕು ಎಂಬುದು ಅವರಿಗೆ ತಿಳಿಯುತ್ತದೆ.