ಏಳೂವರೆ ಲೀಟರಿನ ಕಂಪ್ಯೂಟರ್ ಪೆಟ್ಟಿಗೆ: ನಾನೇ ಮಾಡಿಕೊಂಡ ಬಗೆ

ಕೆಲವು ವರ್ಷದ ಹಿಂದೆ ಬೆಂಗಳೂರಲ್ಲೇ ಮನೆ ಬದಲಿಸುವಾಗ ನನ್ನ ಹಳೇ ಟವರ್ ಕಂಪ್ಯೂಟರನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೂರು ಮಹಡಿ ಇಳಿಸಿದೆ. ಕೆಳಗಿಟ್ಟು ಪಕ್ಕದ ಬಾಗಿಲು ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ. ಇಷ್ಟೊಂದು ಖಾಲಿ ಜಾಗವನ್ನು ಹೊತ್ತು ತಿರುಗಬೇಕಾ ಅನ್ನಿಸಿತು. ಊರಿಗೆ ಹೋಗುವಾಗ ಬ್ಯಾಗಲ್ಲಿ ಹಾಕಿಕೊಂಡು ಬಸ್ ಹತ್ತುವಂಥ ಕಂಪ್ಯೂಟರ್ ಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಕಂಪ್ಯೂಟರಿನ ಭಾಗಗಳೆಲ್ಲ ಸೇರುವ ಮುಖ್ಯ ಬೋರ್ಡಿಗೆ ಮದರ್‌ಬೋರ್ಡ್ ಅನ್ನುತ್ತಾರೆ, ಅದರಲ್ಲಿ ಮಿನಿ ಐಟಿಎಕ್ಸ್ ಅಂತ ಒಂದು ಅಳತೆ ಇದೆ. 170 ಮಿ.ಮೀ. ಉದ್ದ, ಅಷ್ಟೇ ಅಗಲ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದದ್ದು. ಪವರ್ ಸಪ್ಲೈಯಲ್ಲಿ ಎಸ್‌ಎಫ್‌ಎಕ್ಸ್ ಅಂತ ಚಿಕ್ಕದು ಸಿಗುತ್ತದೆ, 125 x 63.5 x 100 ಮಿ.ಮೀ. ಇವೆರಡಕ್ಕೆ ಒಂದು ಚಿಕ್ಕ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಹೆಚ್ಚುಕಡಿಮೆ ಪೂರ್ತಿ ಕಂಪ್ಯೂಟರ್. ಇವಕ್ಕೆ ತಕ್ಕ ಕೇಸ್‌ಗಳು, ಅಂದರೆ ಹೊರಪೆಟ್ಟಿಗೆಗಳು, ಹೊರದೇಶದಲ್ಲಿ ಸಿಗುತ್ತವೆ. ಡ್ಯಾನ್ ಎ4 ಅನ್ನೋದರ ಒಟ್ಟು ಗಾತ್ರ ಬರೀ 7.2 ಲೀಟರ್. ಅದೂ ಶುರುವಾಗಿದ್ದು ಜರ್ಮನಿಯ ಒಬ್ಬ ಹವ್ಯಾಸಿಯ ನಕ್ಷೆಯಿಂದಲೇ. ತರಿಸುವ ಖರ್ಚು, ಸುಂಕ ಎಲ್ಲ ಸೇರಿಸಿ ನೋಡಿದಾಗ ನಾನೇ ಮಾಡಿದರೆ ಹೇಗೆ ಅಂತ ಯೋಚನೆ ಬಂತು.

ಮೊದಲನೆಯದನ್ನು 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದೆ. ನೋಡೋಕೆ ಚೆನ್ನಾಗಿತ್ತು. ಹೊರಗಿನ ಅಳತೆ 330 x 220 x 140, ಅಂದರೆ 10 ಲೀಟರ್ ಚಿಲ್ಲರೆ. ಪ್ರತಿ ಗೋಡೆಯ 12 ಮಿ.ಮೀ. ಕಳೆದರೆ ಒಳಗೆ ಉಳಿದಿದ್ದು 7 ಲೀಟರ್. ಮೂರರಲ್ಲಿ ಒಂದು ಪಾಲನ್ನು ಮರವೇ ತಿಂದಿತ್ತು. ಮದರ್‌ಬೋರ್ಡ್ ಕೂರಿಸುವಾಗ ಇನ್ನೊಂದು ಪಾಠ ಆಯಿತು. ನಾಲ್ಕು ಸ್ಕ್ರೂ ತೂತುಗಳನ್ನು ನಾಲ್ಕು ಮೂಲೆ ಅಂದುಕೊಂಡು ಕೊರೆದಿದ್ದೆ. ಮೂರು ಸ್ಕ್ರೂ ಕೂತವು, ನಾಲ್ಕನೆಯದು ಕೂರಲಿಲ್ಲ. ಮಿನಿ ಐಟಿಎಕ್ಸ್‌ನಲ್ಲಿ ಕನೆಕ್ಟರ್‌ಗಳಿರುವ ಕಡೆಯ ಒಂದು ತೂತು ಅದೇ ಕಡೆಯ ಇನ್ನೊಂದು ತೂತಿಗಿಂತ 22.86 ಮಿ.ಮೀ. ಒಳಕ್ಕೆ ಸರಿದಿರುತ್ತದೆ. ಅವತ್ತಿನಿಂದ ಬೋರ್ಡನ್ನೇ ಕಾಗದದ ಮೇಲಿಟ್ಟು, ತೂತಿನ ಮೂಲಕ ಸೀಸದ ಕಡ್ಡಿ ಇಳಿಸಿ ಗುರುತು ಹಾಕಿಕೊಂಡು, ಆಮೇಲೆ ನಕ್ಷೆಯ ಅಂಕಿಗಳ ಜೊತೆ ತಾಳೆ ನೋಡುತ್ತೇನೆ.

ಎರಡನೆಯದನ್ನು ಅಲ್ಯೂಮಿನಿಯಂ ತಗಡಿನಲ್ಲಿ ಮಾಡಬೇಕು ಅಂತಾಯಿತು. ಆದರೆ ತಗಡು ಮುಟ್ಟುವ ಮೊದಲು ರಟ್ಟಿನಲ್ಲಿ ನಿಜವಾದ ಅಳತೆಗೇ ಒಂದು ಕೇಸ್ ಮಾಡಿದೆ. ಈ ಹವ್ಯಾಸ ಶುರು ಮಾಡುವವರು ಯಾರೇ ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ. ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷೆಯಲ್ಲಿ ಎಲ್ಲ ಭಾಗಗಳೂ ನೀಟಾಗಿ ಕೂರುತ್ತವೆ, ಯಾಕೆಂದರೆ ಅಲ್ಲಿ ವೈರ್ ಇರೋದಿಲ್ಲ. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ಕೇಬಲ್ ಹೆಬ್ಬೆರಳಿಗಿಂತ ದಪ್ಪ, ಬಾಗು ಅಂದರೆ ಬಾಗೋದಿಲ್ಲ. ರಟ್ಟಿನ ಕೇಸಿನಲ್ಲಿ ಪವರ್ ಸಪ್ಲೈ ಇಟ್ಟು ಕೇಬಲ್ ಚುಚ್ಚಿದ ಕೂಡಲೇ ಪಕ್ಕದ ರಟ್ಟು ಹೊಟ್ಟೆ ಉಬ್ಬಿದ ಹಾಗೆ ಹೊರಗೆ ಬಂತು. ಕನೆಕ್ಟರ್ ಮುಂದೆ ಹತ್ತು ಮಿ.ಮೀ. ಬಿಟ್ಟಿದ್ದೆ. ಬೇಕಾಗಿದ್ದು ಮೂವತ್ತು. ಗ್ರಾಫಿಕ್ಸ್ ಕಾರ್ಡಿನ ತಲೆಯ ಮೇಲೆ ಚುಚ್ಚುವ ಕೇಬಲಿನದೂ ಇದೇ ಕಥೆ. ಕಾರ್ಡಿನ ಡಬ್ಬದ ಮೇಲೆ ಬರೆದ ಎತ್ತರದಲ್ಲಿ ಆ ಕೇಬಲ್ ಸೇರಿರೋದಿಲ್ಲ.

ಹಾಗಾಗಿ ಕೇಬಲನ್ನೇ ಗಿಡ್ಡ ಮಾಡಿಕೊಂಡೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಂದು ಕಂಪನಿಯ ಪವರ್ ಸಪ್ಲೈ ಕೇಬಲನ್ನು ಇನ್ನೊಂದಕ್ಕೆ ಚುಚ್ಚಬೇಡಿ. ಬೋರ್ಡಿನ ಕಡೆ ಪಿನ್ ಎಲ್ಲದರಲ್ಲೂ ಒಂದೇ, ಆದರೆ ಪವರ್ ಸಪ್ಲೈ ಕಡೆಯ ಪಿನ್ನುಗಳ ಜಾಗ ಕಂಪನಿಗೊಂದು ಥರ. ತಪ್ಪಿದರೆ ಬೋರ್ಡ್ ಸುಟ್ಟು ಹೋಗುತ್ತದೆ. ನಾನು ಹೊಸ ಕೇಬಲ್ ಕಟ್ಟಿದ ಮೇಲೆ ಅದನ್ನು ಬೋರ್ಡಿಗೆ ಹಾಕದೆ, ಹಸಿರು ವೈರಿನ ಪಿನ್ನನ್ನು ಕಪ್ಪಿಗೆ ಸೇರಿಸಿ ಪವರ್ ಸಪ್ಲೈ ಆನ್ ಮಾಡಿ, ಮಲ್ಟಿಮೀಟರಿನಲ್ಲಿ ಒಂದೊಂದೇ ಪಿನ್ ನೋಡಿದೆ. ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಎರಡು ಸಲ ನೋಡಿದೆ. ಪವರ್ ಸಪ್ಲೈಯ ಡಬ್ಬವನ್ನಂತೂ ಬಿಚ್ಚಲೇ ಇಲ್ಲ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಅಪಾಯ ಉಳಿದಿರುತ್ತದೆ.

ಜೋಡಣೆ ಸ್ಯಾಂಡ್‌ವಿಚ್ ಥರದ್ದು. ನಡುವೆ ಒಂದು ತಗಡಿನ ಬೆನ್ನು. ಅದರ ಒಂದು ಕಡೆ ಮದರ್‌ಬೋರ್ಡ್, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡ್, ಎರಡಕ್ಕೂ ಚಪ್ಪಟೆ ರೈಸರ್ ಕೇಬಲಿನ ಕೊಂಡಿ. ಕಾರ್ಡಿಗೂ ಬೋರ್ಡಿಗೂ ನಡುವಿನ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕದಲ್ಲಿ ರೈಸರ್ ಮೂರನೇ ತಲೆಮಾರಿನದು, ಕಾರ್ಡ್ ನಾಲ್ಕನೆಯದು ಆಗಿದ್ದರಿಂದ ಮೊದಲ ದಿನ ಪರದೆ ಬರಲೇ ಇಲ್ಲ. ಬಯೋಸ್‌ನಲ್ಲಿ, ಅಂದರೆ ಬೋರ್ಡಿನದೇ ಸೆಟಿಂಗ್‌ನಲ್ಲಿ, ಕಾರ್ಡಿನ ಸ್ಲಾಟನ್ನು ಜೆನ್ 3 (ಮೂರನೇ ತಲೆಮಾರು) ಅಂತ ಇಟ್ಟ ಮೇಲೆ ಬಂತು. ಒಟ್ಟು ಹೊರ ಅಳತೆ 310 x 205 x 120, ಅಂದರೆ 7.6 ಲೀಟರ್.

ತಗಡಿಗೆ ಪೀಣ್ಯಕ್ಕೆ ಹೋದೆ. ನನಗೆ ಬೇಕಾಗಿದ್ದು ನಾಲ್ಕು ಚದರ ಅಡಿಯೂ ಇಲ್ಲ, ಅಷ್ಟಕ್ಕೆ ಪೂರ್ತಿ ಶೀಟ್ ಯಾರೂ ತೆಗೆಯೋದಿಲ್ಲ. ಬೇರೆಯವರ ಕೆಲಸದಲ್ಲಿ ಉಳಿದ 1.5 ಮಿ.ಮೀ. ತುಂಡು ಇದೆಯಾ ಅಂತ ಕೇಳಿದರೆ ಎಲ್ಲಾದರೂ ಸಿಗುತ್ತದೆ. ಆದರೆ ಯಾವ ಅಲ್ಯೂಮಿನಿಯಂ ಅಂತ ಕೇಳಲೇಬೇಕು. 6061 ಟಿ6 ಗಟ್ಟಿ, ಬಾಗಿಸಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. 5052 ಸಲೀಸಾಗಿ ಬಾಗುತ್ತದೆ. ಲೇಸರ್ ಕಟಿಂಗ್ ಮುಗಿಯಿತು. ಬೆಂಡಿಂಗ್ ಮೆಷಿನ್ ಹತ್ತಿರ ಇದ್ದ ಹಿರಿಯರು ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಸರ್, ಈ ಹೋಲ್ ಬೆಂಡಿಗೆ ತುಂಬಾ ಹತ್ರ ಇದೆ. ಎಳ್ಕೊಂಡು ಮೊಟ್ಟೆ ಥರ ಆಗುತ್ತೆ."

"ಎಷ್ಟು ದೂರ ಬಿಡಬೇಕಿತ್ತು ಅಣ್ಣ?"

"ತಗಡಿನ ದಪ್ಪದ ಮೂರು ಪಟ್ಟಾದ್ರೂ ಬಿಡಿ. ಜಾಗ ಇದ್ರೆ ಇನ್ನೂ ಸ್ವಲ್ಪ ಬಿಡಿ."

ಅವರು ಹೇಳಿದ್ದೇ ಆಯಿತು. ಒಂದು ತೂತು ಉದ್ದುದ್ದ ಎಳೆದುಕೊಂಡಿತು. ಅದನ್ನು ಅರದಿಂದ ಉಜ್ಜಿ ಸರಿ ಮಾಡಿಕೊಂಡೆ. ಮಡಿಕೆಯ ಲೆಕ್ಕವನ್ನೂ ಅವರೇ ಕಲಿಸಿದರು. ಹೊರಗಡೆಯಿಂದ 20 ಮತ್ತು 20 ಮಿ.ಮೀ. ಬರುವ ಎಲ್ ಆಕಾರ ಬೇಕಾದರೆ 40 ಮಿ.ಮೀ. ಕತ್ತರಿಸಬಾರದು. ಬಾಗುವಾಗ ತಗಡು ಹಿಗ್ಗುತ್ತದೆ. ನಮ್ಮ ತಗಡಿಗೆ 37 ಚಿಲ್ಲರೆ ಸಾಕಾಯಿತು. ಮೊದಲು ಒಂದು ವೇಸ್ಟ್ ಪಟ್ಟಿಯನ್ನು ಬಾಗಿಸಿ, ವರ್ನಿಯರ್ ಹಿಡಿದು ಅಳೆದು, ಆಮೇಲೆ ನಕ್ಷೆ ತಿದ್ದೋದು ಒಳ್ಳೇದು. ಮೆಷಿನಿಂದ ಮೆಷಿನಿಗೆ ಈ ಅಂಕಿ ಬದಲಾಗುತ್ತದೆ.

ಸ್ಕ್ರೂ ವಿಷಯದಲ್ಲೂ ಎಡವಿದ್ದೆ. ತಗಡಿಗೆ 2.5 ಮಿ.ಮೀ. ತೂತು ಕೊರೆದು ಎಂ3 ಟ್ಯಾಪ್ ಹಾಕಿದ್ದೆ, ಅಂದರೆ 3 ಮಿ.ಮೀ. ಸ್ಕ್ರೂ ಕೂರುವ ಸುತ್ತುಗಳನ್ನು ಕೊರೆದಿದ್ದೆ. ಎಂ3ರ ಒಂದು ಸುತ್ತಿಗೆ 0.5 ಮಿ.ಮೀ., ಹಾಗಾಗಿ 1.5ರ ತಗಡಲ್ಲಿ ಸಿಗೋದು ಮೂರೇ ಸುತ್ತು. ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಸವೆದು ಹೋದವು. ಈಗ ತಗಡಿಗೆ ಒತ್ತಿ ಕೂರಿಸುವ ಪ್ರೆಸ್ ನಟ್ ಹಾಕಿಸುತ್ತೇನೆ. ಪೌಡರ್ ಕೋಟಿಂಗಿಗೆ ಕೊಡುವಾಗ ಆ ನಟ್‌ಗಳಿಗೆ ಸಿಲಿಕೋನ್ ಬಿರಡೆ ಹಾಕಿಸಿ, ಇಲ್ಲದಿದ್ದರೆ ಬಣ್ಣ ಒಳಗೆ ಕೂತು ಸ್ಕ್ರೂ ಹೋಗೋದೇ ಇಲ್ಲ. ಪವರ್ ಸಪ್ಲೈ ತಾಗುವ ಜಾಗದಲ್ಲೂ ಬಣ್ಣ ಬೇಡ. ಅಲ್ಲಿ ಬರೀ ಲೋಹ ತಾಗಿದರೇ ಕೇಸಿಗೆ ಅರ್ಥಿಂಗ್ ಸಿಗೋದು. ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ಅರ್ಥ್ ಪಿನ್ನಿಗೆ, ಇನ್ನೊಂದು ಕೇಸಿನ ಒಂದೊಂದು ತಗಡಿಗೆ. ಬೀಪ್ ಬರದಿದ್ದರೆ ನಾನು ಸ್ವಿಚ್ ಹಾಕೋದಿಲ್ಲ.

ಜಾಸ್ತಿ ದಿನ ಹಿಡಿದಿದ್ದು ಗಾಳಿಯ ಕೆಲಸ. ಪ್ರೊಸೆಸರ್ ಮೇಲೆ 37 ಮಿ.ಮೀ. ಎತ್ತರದ ಕೂಲರ್, ಅದರ ಎದುರಿಗೇ ಪಕ್ಕದ ತಗಡು. ಆ ತಗಡಿಗೆ ಮೊದಲು 3 ಮಿ.ಮೀ. ತೂತುಗಳನ್ನು ನಡುವಿನಿಂದ ನಡುವಿಗೆ 5 ಮಿ.ಮೀ. ಅಂತರದಲ್ಲಿ, ಜೇನುಗೂಡಿನ ಹಾಗೆ ಸಾಲು ತಪ್ಪಿಸಿ ಹೊಡೆಸಿದ್ದೆ. ಕಣ್ಣಿಗೆ ಜರಡಿ ಥರ ಕಾಣುತ್ತಿತ್ತು, ಆದರೆ ಲೆಕ್ಕ ಹಾಕಿದರೆ ತೆರೆದ ಜಾಗ ಶೇ. 33 ಅಷ್ಟೇ. ಕೆಲಸ ಜೋರಾದಾಗ ಪ್ರೊಸೆಸರ್ 92 ಡಿಗ್ರಿ ಮುಟ್ಟುತ್ತಿತ್ತು. ತೂತು 5, ಅಂತರ 6 ಮಾಡಿಸಿದೆ, ಅದೇ ಥರ ಸಾಲು ತಪ್ಪಿಸಿ. ತೆರೆದ ಜಾಗ ಶೇ. 63 ಆಯಿತು, ಬಿಸಿ 81ಕ್ಕೆ ಇಳಿಯಿತು.

ಆದರೂ ಇಷ್ಟು ಬಿಸಿ ಯಾಕೆ ಅಂತ ತಿಳಿಯಲಿಲ್ಲ. ಒಂದು ಸಂಜೆ ದೇವರ ಮನೆಯಿಂದ ಊದುಬತ್ತಿ ತಂದು ಹಚ್ಚಿ ಕೇಸಿನ ಪಕ್ಕಕ್ಕೆ ಹಿಡಿದೆ. ಹೊಗೆ ಫ್ಯಾನಿನ ನಡುವಿಗೆ ನೇರ ಹೋಯಿತು. ಅಂಚಿಗೆ ಸರಿಸಿದರೆ ಹೊಗೆಯ ಎಳೆ ಹೊರಗೆ ಬಂದು, ಮಡಚಿಕೊಂಡು, ಮತ್ತೆ ಒಳಗೆ ಹೋಗುತ್ತಿತ್ತು. ಕೂಲರಿನಿಂದ ಬಂದ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತಿತ್ತು. ಫ್ಯಾನಿನ ಸುತ್ತ ತಗಡಿಗೆ ತಾಗುವ ಹಾಗೆ ಒಂದು ಫೋಮ್ ಉಂಗುರ ಕತ್ತರಿಸಿ ಅಂಟಿಸಿದೆ. 81 ಇದ್ದದ್ದು 74 ಆಯಿತು. ಎಂಟು ರೂಪಾಯಿಯ ಫೋಮ್! ಆಮೇಲೆ ಪ್ರೊಸೆಸರಿಗೆ 65 ವ್ಯಾಟ್ ಮಿತಿ ಹಾಕಿದೆ. ನನ್ನ ಕೆಲಸಕ್ಕೆ ವೇಗ ಕಮ್ಮಿ ಆದದ್ದು ಗೊತ್ತೇ ಆಗಲಿಲ್ಲ, ಫ್ಯಾನಿನ ಸದ್ದು ಮಾತ್ರ ಅಡಗಿತು.

ಧೂಳಿಗೆ ಸೊಳ್ಳೆ ಪರದೆಯ ಬಟ್ಟೆ ಹಾಕಿ ನೋಡಿದೆ. ಬಿಸಿ ನಾಲ್ಕು ಡಿಗ್ರಿ ಏರಿತು, ತೆಗೆದುಬಿಟ್ಟೆ. ತಿಂಗಳಿಗೊಮ್ಮೆ ತಗಡು ಬಿಚ್ಚಿ ಬ್ರಷ್‌ನಲ್ಲಿ ಒರೆಸುತ್ತೇನೆ, ಹತ್ತು ನಿಮಿಷದ ಕೆಲಸ.

ಕೇಸ್ ತೂಕ ಒಂದು ಕೆಜಿ ಚಿಲ್ಲರೆ. ಹೋದ ದೀಪಾವಳಿಗೆ ಟವೆಲ್ ಸುತ್ತಿ ಬ್ಯಾಗಿನಲ್ಲಿಟ್ಟು ಶಿರಸಿ ಬಸ್ಸಿನಲ್ಲಿ ಮಡಿಲ ಮೇಲೇ ಇಟ್ಟುಕೊಂಡು ಹೋದೆ. ಬೆಳಿಗ್ಗೆ ಮನೆಯ ಟಿವಿಗೆ ಚುಚ್ಚಿ ಆನ್ ಮಾಡಿದೆ. ರೈಸರ್ ಕೇಬಲ್ ಒಂದು ಕಡೆ ಸ್ವಲ್ಪ ಸಡಿಲ ಆಗಿತ್ತು. ಈಗ ಅದನ್ನು ಹಿಡಿದುಕೊಳ್ಳಲು ಒಂದು ಚಿಕ್ಕ ಬ್ರಾಕೆಟ್ ಬಿಡಿಸುತ್ತಿದ್ದೇನೆ. ತೂತುಗಳನ್ನು ಬೆಂಡಿನಿಂದ 6 ಮಿ.ಮೀ. ದೂರ ಇಟ್ಟಿದ್ದೇನೆ.