ನವೋದಯ ಪರೀಕ್ಷೆ: ಗೈಡ್ ಬದಿಗಿಡಿ, ಕತ್ತರಿ ಕಾಗದ ತೆಗೆಯಿರಿ

ಮಳೆ ಹಿಡಿಯುವ ಹೊತ್ತಿಗೆ ನಮ್ಮ ಮನೆ ಜಗಲಿಗೆ ಐದನೇ ಕ್ಲಾಸಿನ ಮಕ್ಕಳ ಅಪ್ಪಂದಿರು ಬರಲು ಶುರು. 'ಮೇಷ್ಟ್ರೇ, ನವೋದಯಕ್ಕೆ ಯಾವ ಗೈಡ್ ಒಳ್ಳೇದು?' ಎಲ್ಲರದೂ ಇದೇ ಮೊದಲ ಪ್ರಶ್ನೆ. ಹಳ್ಳಿ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು. ಜಾಣ ಮಕ್ಕಳು ಈ ಪರೀಕ್ಷೆಯಲ್ಲಿ ಎಡವಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮಗ್ಗಿ ಬಾರದೆ ಎಡವಿದವರು ಕಡಿಮೆ. ಅರ್ಜಿಯಲ್ಲಿ ಎಡವಿದವರು, ಚಿತ್ರದ ಪ್ರಶ್ನೆಗಳಲ್ಲಿ ಎಡವಿದವರೇ ಜಾಸ್ತಿ.

ಗಾಜನೂರು, ಗಾಳಿಬೀಡು, ಮುಡಿಪು, ಕುಕನೂರು ಕಡೆಯವರಿಗೆ ಜವಾಹರ್ ನವೋದಯ ವಿದ್ಯಾಲಯ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ ಎರಡು ಮಾತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಬೆಳೆದ ಕೇಂದ್ರ ಸರ್ಕಾರದ ವಸತಿ ಶಾಲೆಗಳಿವು. ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ತರಗತಿಯಿಂದ ಕೆಲವರಿಗೆ ಮಾತ್ರ ತಿಂಗಳ ಶುಲ್ಕ ಇದೆ. ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ, ಬಿಪಿಎಲ್ ಮನೆಯ ಮಕ್ಕಳಿಗೆ ಅದೂ ಇಲ್ಲ.

ಹಂತ 1: ಮಗುವನ್ನು ಇದ್ದ ಶಾಲೆಯಲ್ಲೇ ಇರಲು ಬಿಡಿ

ಕಡಿಮೆಯೆಂದರೂ ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೆ. ಆದರೆ ಆ ಕೋಟಾ ಬೇಕೆಂದರೆ ಮಗು 3, 4, 5ನೇ ತರಗತಿಯನ್ನು ಪೂರ್ತಿಯಾಗಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಲೆಕ್ಕಕ್ಕೆ ಅವನು ಪಟ್ಟಣದವನೇ. ನನ್ನ ಹತ್ತಿರದ ನೆಂಟರೊಬ್ಬರು ಮಾಡಿದ್ದು ಇದನ್ನೇ. ಕೋಚಿಂಗ್ ಚೆನ್ನಾಗಿದೆ ಅಂತ ಹುಡುಗನನ್ನು ಐದನೇ ತರಗತಿಗೆ ಪೇಟೆ ಶಾಲೆಗೆ ಸೇರಿಸಿದರು. ಇದ್ದ ಕೋಟಾ ಹೋಯಿತು. ಪಕ್ಕದ ಜಿಲ್ಲೆಗೆ ಸೇರಿಸಿದರೆ ಇನ್ನೂ ಕಷ್ಟ. ಯಾವ ಜಿಲ್ಲೆಯ ನವೋದಯಕ್ಕೆ ಬರೆಯುತ್ತಾರೋ ಅದೇ ಜಿಲ್ಲೆಯಲ್ಲಿ ಮನೆಯೂ ಇರಬೇಕು, ಐದನೇ ತರಗತಿಯ ಓದೂ ಅಲ್ಲೇ ಆಗಿರಬೇಕು.

ಪರೀಕ್ಷೆ ಬರೆಯಲು ಸಿಗುವುದು ಒಂದೇ ಅವಕಾಶ. 'ಈ ವರ್ಷ ಸುಮ್ನೆ ಅನುಭವಕ್ಕೆ ಬರೆಯಲಿ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹುಟ್ಟಿದ ದಿನಕ್ಕೂ ಮಿತಿ ಇದೆ. 2026-27ರ ಸಾಲಿಗೆ 2014ರ ಮೇ 1ರಿಂದ 2016ರ ಜುಲೈ 31ರ ಒಳಗೆ ಹುಟ್ಟಿರಬೇಕಿತ್ತು. ನಂತರದ ಪ್ರತಿ ಸಾಲಿಗೂ ಪ್ರಕಟಣೆಯನ್ನೇ ನೋಡಿ. ಪರೀಕ್ಷೆಯ ದಿನವೂ ಒಂದೇ ಇರುವುದಿಲ್ಲ. 2025-26ರ ಸಾಲಿನದು ನಮ್ಮ ಕಡೆ ಜನವರಿ 18ಕ್ಕಿತ್ತು, ಅದರ ಮುಂದಿನದು ಡಿಸೆಂಬರ್ 13ಕ್ಕೇ ಬಂತು. ಜನವರಿ ಅಂದುಕೊಂಡು ಕೂತವರಿಗೆ ಒಂದು ತಿಂಗಳು ಖೋತಾ.

ಹಂತ 2: ಅರ್ಜಿ ಹಾಕುವಾಗ ಪಕ್ಕದಲ್ಲೇ ಕುಳಿತುಕೊಳ್ಳಿ

ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಹೆಡ್‌ಮಾಸ್ಟರ್ ಸಹಿ ಹಾಕಿದ ಪ್ರಮಾಣ ಪತ್ರ, ಮಗುವಿನ ಫೋಟೊ, ಮಗು ಮತ್ತು ಪೋಷಕರ ಸಹಿ ಇಷ್ಟನ್ನು ಏರಿಸಬೇಕು. ಸೈಬರ್ ಸೆಂಟರ್‌ನಲ್ಲಿ ಕಾಗದ ಕೊಟ್ಟು 'ಹಾಕಿಡಪ್ಪಾ, ಸಂತೆ ಮುಗಿಸಿ ಬರ್ತೀನಿ' ಅಂತ ಹೊರಡಬೇಡಿ. ಆ ಹುಡುಗನಿಗೆ ದಿನಕ್ಕೆ ಐವತ್ತು ಅರ್ಜಿ. ಮೂರು ಜಾಗದಲ್ಲಿ ನಿಮ್ಮ ಕಣ್ಣು ಇರಲೇಬೇಕು.

ಮೊದಲನೆಯದು ಪರೀಕ್ಷೆಯ ಭಾಷೆ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಆರಿಸಿದ ಅಪ್ಪಂದಿರನ್ನು ನೋಡಿದ್ದೇನೆ. 'ಮುಂದೆ ಹೇಗೂ ಇಂಗ್ಲಿಷ್ ಅಲ್ವಾ' ಅನ್ನುತ್ತಾರೆ. ಮುಂದೆ ಹೌದು, ಈಗಲ್ಲ. ಮಗು ಯಾವ ಭಾಷೆಯಲ್ಲಿ ಓದುತ್ತಿದೆಯೋ ಅದನ್ನೇ ಹಾಕಿ. ಎರಡನೆಯದು ಜಾತಿ ವರ್ಗ. ನಮ್ಮ ರಾಜ್ಯದ 2ಎ, 3ಬಿ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಬಿಸಿ ಅಂತ ಹಾಕಬೇಕಾದರೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿರಬೇಕು. ನಾಡಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮೂರನೆಯದು ಮೊಬೈಲ್ ನಂಬರ್. ಅದು ನಿಮ್ಮದೇ ಆಗಿರಲಿ, ಅಂಗಡಿ ಹುಡುಗನದಲ್ಲ.

ತಪ್ಪಾದರೆ ತಿದ್ದಲು ಕೊನೆ ದಿನಾಂಕದ ನಂತರ ಸ್ವಲ್ಪ ದಿನ ಅವಕಾಶ ಕೊಡುತ್ತಾರೆ. ಆದರೆ ಭಾಷೆ, ವರ್ಗ, ಹಳ್ಳಿಯೋ ಪಟ್ಟಣವೋ ಇಂಥ ಕೆಲವನ್ನು ಮಾತ್ರ ತಿದ್ದಬಹುದು. ಅದನ್ನು ನಂಬಿಕೊಂಡು ಅವಸರ ಮಾಡಬೇಡಿ.

ಹಂತ 3: ಚಿತ್ರದ ಪ್ರಶ್ನೆಗಳನ್ನು ಕೈಯಿಂದ ಕಲಿಸಿ

ಎಲ್ಲರೂ ಜಾರುವುದು ಇಲ್ಲಿ. ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 40 ಪ್ರಶ್ನೆ, 50 ಅಂಕ ಮಾನಸಿಕ ಸಾಮರ್ಥ್ಯದ್ದು. ಗಣಿತಕ್ಕೆ 20 ಪ್ರಶ್ನೆ, ಭಾಷೆಗೆ 20. ಅಂದರೆ ಅರ್ಧ ಪರೀಕ್ಷೆ ಬರೀ ಚಿತ್ರ. ಮನೆಯಲ್ಲಿ ಮಾತ್ರ ದಿನವಿಡೀ ಗಣಿತ ಮಾಡಿಸುತ್ತಾರೆ. ಚಿತ್ರದ್ದಕ್ಕೆ ಗೈಡ್ ಕೊಟ್ಟು 'ನೋಡ್ಕೋ' ಅನ್ನುತ್ತಾರೆ. ಆ ಗೈಡಿನ ಗತಿ ಕೇಳಬೇಡಿ. ಎಷ್ಟೋ ಪುಸ್ತಕದಲ್ಲಿ ಚಿತ್ರ ಮಸಿ ಹಿಡಿದು ಗೆರೆಯೇ ಕಾಣುವುದಿಲ್ಲ, ಹಿಂದಿನ ಪುಟದಲ್ಲಿ ಕೊಟ್ಟ ಉತ್ತರವೂ ತಪ್ಪು. ಮಗು ಸರಿ ಉತ್ತರ ಬರೆದು, ಪುಸ್ತಕ ನೋಡಿ ಅಳಿಸಿದ್ದನ್ನು ಕಂಡಿದ್ದೇನೆ. ಹತ್ತು ಗೈಡಿಗಿಂತ ಐದು ಹಳೆಯ ಪ್ರಶ್ನೆಪತ್ರಿಕೆ ಮೇಲು.

ಈ ಭಾಗದಲ್ಲಿ ಹತ್ತು ಬಗೆಯ ಪ್ರಶ್ನೆ, ಒಂದೊಂದರಲ್ಲಿ ನಾಲ್ಕು. ಗುಂಪಿಗೆ ಸೇರದ ಚಿತ್ರ ಹುಡುಕುವುದು, ಹೋಲುವ ಚಿತ್ರ ಆರಿಸುವುದು, ಸರಣಿ ಮುಂದುವರಿಸುವುದು ಇವೆಲ್ಲ ಮಕ್ಕಳಿಗೆ ವಾರದಲ್ಲಿ ಹತ್ತುತ್ತವೆ. ಬೆವರು ಬರುವುದು ನಾಲ್ಕರಲ್ಲಿ.

ಕಾಗದ ಮಡಿಸಿ ತೂತು ಮಾಡುವುದು. ಕಾಗದವನ್ನು ಒಮ್ಮೆ ಮಡಿಸಿ, ಮತ್ತೊಮ್ಮೆ ಮಡಿಸಿ, ಒಂದು ತೂತು ಮಾಡಿದ ಚಿತ್ರ ಇರುತ್ತದೆ. ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬುದು ಪ್ರಶ್ನೆ. ಇದನ್ನು ಬೋರ್ಡಿನ ಮೇಲೆ ಹೇಳಿಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹಳೆಯ ದಿನಪತ್ರಿಕೆ ತೆಗೆಯಿರಿ. ಓದಿ ಆದ ಮೇಲೆ ಈ ಪುರವಣಿಯೂ ಆಗಬಹುದು. ಅಂಗೈ ಅಗಲದ ಚೌಕ ಕತ್ತರಿಸಿ. ಅರ್ಧಕ್ಕೆ ಮಡಿಸಿ, ಮತ್ತೆ ಅಡ್ಡ ಅರ್ಧಕ್ಕೆ ಮಡಿಸಿ. ಈಗ ನಾಲ್ಕು ಪದರ. ಎಲ್ಲ ಪದರವೂ ಸಿಗುವ ಹಾಗೆ ತೂತು ಮಾಡಿ. ಬಿಡಿಸುವ ಮೊದಲು ಮಗುವಿನ ಹತ್ತಿರ ಬೇರೆ ಹಾಳೆಯಲ್ಲಿ ಉತ್ತರ ಬರೆಸಿ. ಈ ಕ್ರಮ ಮುಖ್ಯ. ಮೊದಲು ಬಿಡಿಸಿ ತೋರಿಸಿದರೆ 'ಹೌದು ಹೌದು' ಅನ್ನುತ್ತಾರೆ, ಏನೂ ಕಲಿಯುವುದಿಲ್ಲ.

ಆಮೇಲೆ ಬಿಡಿಸುವಾಗ ಕೊನೆಯ ಮಡಿಕೆಯನ್ನು ಮೊದಲು ಬಿಡಿಸಿ. ಪ್ರತಿ ಮಡಿಕೆಯೂ ಒಂದು ಕನ್ನಡಿ ಅಂತ ತೋರಿಸಿ. ಆ ಕಡೆ ಎಷ್ಟು ದೂರದಲ್ಲಿ ತೂತಿದೆಯೋ ಈ ಕಡೆಯೂ ಅಷ್ಟೇ ದೂರ. ಮೊದಲು ತೂತು ಎಣಿಸಲಿ. ನಾಲ್ಕು ಪದರ ಅಂದರೆ ನಾಲ್ಕು ತೂತು, ಹಾಗಾಗಿ ಎರಡು ತೂತಿನ ಉತ್ತರಗಳೆಲ್ಲ ಹೊರಗೆ. ಆದರೆ ಎಣಿಕೆಗೇ ನಿಲ್ಲಬಾರದು. ನಾಲ್ಕು ತೂತಿನ ಉತ್ತರ ಎರಡು ಇದ್ದರೆ? ಎರಡೂ ಮಡಿಕೆ ಸೇರುವ ಮೂಲೆಯ ಹತ್ತಿರ ತೂತು ಮಾಡಿದ್ದರೆ ಬಿಡಿಸಿದಾಗ ನಾಲ್ಕೂ ಹಾಳೆಯ ನಡುವೆ ಗುಂಪಾಗಿ ಕೂರುತ್ತವೆ. ಬಿಡಿ ಅಂಚುಗಳ ಮೂಲೆಯಲ್ಲಿ ಮಾಡಿದ್ದರೆ ನಾಲ್ಕು ಮೂಲೆಗೆ ಹೋಗುತ್ತವೆ. ಇನ್ನೊಂದು ಕೀಟಲೆ ಇದೆ. ಮಡಿಕೆಯ ಮೇಲೇ ಅರ್ಧ ವೃತ್ತ ಕತ್ತರಿಸಿದ್ದರೆ ಎರಡು ಅರ್ಧ ಸೇರಿ ಒಂದೇ ಪೂರ್ತಿ ತೂತಾಗುತ್ತದೆ. ಅಲ್ಲಿ ಎಣಿಕೆ ಅರ್ಧಕ್ಕೆ ಇಳಿಯುತ್ತದೆ. ಇದನ್ನೆಲ್ಲ ನಾಲ್ಕು ದಿನ ಕತ್ತರಿಯಲ್ಲಿ ಮಾಡಿದ ಮಗು ಐದನೇ ದಿನ ಕಾಗದವಿಲ್ಲದೆ ಹೇಳುತ್ತದೆ.

ಕನ್ನಡಿ ಬಿಂಬ. ಮನೆಯ ಕ್ಷೌರದ ಕನ್ನಡಿ ಸಾಕು. ಚಿತ್ರದ ಪಕ್ಕ ಕನ್ನಡಿಯನ್ನು ನೆಟ್ಟಗೆ ಹಿಡಿದರೆ ಎಡಬಲ ಬದಲಾಗುತ್ತದೆ, ಮೇಲುಕೆಳಗು ಹಾಗೇ ಇರುತ್ತದೆ. ಮಕ್ಕಳು ತಲೆಕೆಳಗೆ ಮಾಡಿಬಿಡುತ್ತಾರೆ. ಗಡಿಯಾರ ತೋರಿಸಿ ಆಟ ಆಡಿಸಿ. 4 ಗಂಟೆ 10 ನಿಮಿಷ ಕನ್ನಡಿಯಲ್ಲಿ 7 ಗಂಟೆ 50 ನಿಮಿಷ. 11 ಗಂಟೆ 60 ನಿಮಿಷದಿಂದ ಕಳೆದರೆ ಆಯಿತು. ಈ ಉಪಾಯ ಹೇಳುವುದು ಕೊನೆಗೆ, ಮೊದಲು ಕನ್ನಡಿ.

ತುಂಡು ಜೋಡಿಸುವ ಪ್ರಶ್ನೆಗೆ ಹಳೆಯ ಲಗ್ನಪತ್ರಿಕೆ ಕತ್ತರಿಸಿ ಕೊಡಿ. ರಟ್ಟು ಗಟ್ಟಿ, ಚೆನ್ನಾಗಿ ಕೂರುತ್ತದೆ. ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಚಿತ್ರ ಹುಡುಕಲು ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸಣ್ಣದನ್ನು ಬರೆದು, ದೊಡ್ಡದರ ಮೇಲೆ ಜಾರಿಸುತ್ತ ಹೋಗಿ. ತಿರುಗಿಸಬಾರದು, ಬರೀ ಜಾರಿಸಬೇಕು. ತಪ್ಪೆಲ್ಲ ಆಗುವುದು ತಿರುಗಿಸುವುದರಿಂದಲೇ.

ಹಂತ 4: ಗಣಿತ, ಭಾಷೆ

ಭಿನ್ನರಾಶಿ, ದಶಮಾಂಶ, ಲಸಾಅ, ಮಸಾಅ, ಸುತ್ತಳತೆ, ವಿಸ್ತೀರ್ಣ, ಲಾಭ ನಷ್ಟ. ಶಾಲೆಯ ಪುಸ್ತಕವನ್ನು ನಿಜವಾಗಿ ಮುಗಿಸಿದರೆ ಬಹುಪಾಲು ಮುಗಿದಂತೆ. ಭಾಷೆಯಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ದಿನಾ ಪತ್ರಿಕೆ ಓದಿಸಿ. ಇದಕ್ಕೂ ಕೋಚಿಂಗ್ ಬೇಕು ಅನ್ನುವವರ ಮಾತು ಕೇಳಬೇಡಿ.

ಹಂತ 5: ಓಎಂಆರ್ ಅಭ್ಯಾಸ

ಓಎಂಆರ್ ಅಂದರೆ ಸಣ್ಣ ವೃತ್ತ ತುಂಬಿ ಉತ್ತರ ಗುರುತಿಸುವ ಶೀಟು. ಉತ್ತರ ಗೊತ್ತಿದ್ದೂ ಅಂಕ ಹೋಗುವುದು ಇಲ್ಲಿ. ನೀಲಿ ಅಥವಾ ಕಪ್ಪು ಬಾಲ್‌ಪೆನ್ ಮಾತ್ರ, ಪೆನ್ಸಿಲ್ ಇಲ್ಲ, ಒಮ್ಮೆ ತುಂಬಿದ ವೃತ್ತವನ್ನು ಅಳಿಸುವಂತಿಲ್ಲ. ಮಗು ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗುತ್ತದೆ, ಶೀಟಿನಲ್ಲಿ ಬಿಡಲು ಮರೆಯುತ್ತದೆ. ಅಲ್ಲಿಂದ ಕೆಳಗೆ ಎಲ್ಲ ಉತ್ತರವೂ ಒಂದು ಸಾಲು ಮೇಲೆ! ಕೊನೆಯ ಹತ್ತು ನಿಮಿಷದಲ್ಲಿ ಒಟ್ಟಿಗೆ ತುಂಬುತ್ತೇನೆ ಎಂಬುದು ಇನ್ನೂ ಅಪಾಯ. ನಾನು ಹೇಳಿಕೊಡುವುದು ಹೀಗೆ. ಒಂದು ಪ್ರಶ್ನೆ ಬಿಡಿಸು, ಅದರ ನಂಬರ್ ಬಾಯಲ್ಲಿ ಹೇಳಿಕೊ, ಆಗಲೇ ತುಂಬು. ಖಾಲಿ ಶೀಟನ್ನು ಇಪ್ಪತ್ತು ಜೆರಾಕ್ಸ್ ಮಾಡಿಸಿ, ವಾರಕ್ಕೆರಡು ಸಲ ಬೆಳಿಗ್ಗೆ ಹನ್ನೊಂದೂವರೆಗೇ ಕೂರಿಸಿ. ಪರೀಕ್ಷೆ ನಡೆಯುವ ಹೊತ್ತೂ ಅದೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಗೆ ಯಾವ ಸಾಲೂ ಖಾಲಿ ಇರಬಾರದು.

ಇದರ ಜೊತೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಅರ್ಜಿ ಹಾಕಿ. ಆ ಪರೀಕ್ಷೆ ಬೇರೆ, ಅರ್ಜಿಯೂ ಬೇರೆ. ನವೋದಯದ ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಕೂಡಲೇ ಕೈಬಿಡಬೇಡಿ. ಆಯ್ಕೆಯಾದವರಲ್ಲಿ ಕೆಲವರು ಸೇರುವುದಿಲ್ಲ, ಕೆಲವರ ದಾಖಲೆ ಸರಿ ಇರುವುದಿಲ್ಲ, ಆಗ ಕಾಯುವ ಪಟ್ಟಿಯಿಂದ ಕರೆಯುತ್ತಾರೆ. ಅದಕ್ಕೇ ಅರ್ಜಿಯಲ್ಲಿ ಕೊಟ್ಟ ಸಿಮ್ಮಿಗೆ ಮಳೆಗಾಲದವರೆಗೂ ರೀಚಾರ್ಜ್ ಮಾಡಿಸುತ್ತಿರಿ.